ಪಿಡಿ, ಹಿಡಿ, ಇಡಿ

ಪೊನ್ನುಸಾಮಿ ಗಾಡಿಯ ಕೆಳಗೆ. ಕಾಣುವುದು
ಎರಡು ಪಾದ, ಒಂದು ಹವಾಯಿ ಚಪ್ಪಲಿ,
ಇನ್ನೊಂದು ಎಲ್ಲಿ ಹೋಯಿತೋ.
ನಾನು ಮೇಲೆ, ಬಲಗಾಲನ್ನು ಪೆಡಲ್ಲಿಗೆ ತಾಗಿಸಿ
ಅವನ ಮಾತಿಗೆ ಕಾದಿದ್ದೇನೆ.

ಮಂಗಳವಾರ ದಿಂಬಂ ಇಳಿಯುವಾಗ
ಹತ್ತೊಂಬತ್ತನೇ ತಿರುವಿನಲ್ಲಿ
ನೆನೆದ ಗೋಣಿಚೀಲ ಮೆಟ್ಟಿದ ಹಾಗೆ
ಬ್ರೇಕು ತಳಕ್ಕೆ ಹೋಯಿತು.
ಹಿಂದೆ ಒಂದೂವರೆ ಟನ್ ಎಲೆಕೋಸು.
ಮೊದಲ ಗೇರು, ಹ್ಯಾಂಡ್‌ಬ್ರೇಕು, ಮಣ್ಣಿನ ದಿಬ್ಬ,
ಯಾವುದು ಮೊದಲೋ ನೆನಪಿಲ್ಲ.
ನಿಂತಾಗ ಕಟ್ಟೆಯ ಮೇಲಿನ ಮುಸುವ
ನೋಡುತ್ತಿದ್ದದ್ದು ನನ್ನನ್ನು, ಕೋಸನ್ನಲ್ಲ.

'ಎಣ್ಣೆ ಎಪ್ಪೋ ಬದಲಾಯಿಸಿದ್ದು, ಸಾರ್?'
ತಂಗಿಯ ಮದುವೆಯಿಂದ ಎಣಿಸಿದೆ.
ಅವಳ ಮಗ ಈಗ ಮೂರನೇ ಕ್ಲಾಸು.
ಮುಚ್ಚಳ ತಿರುಗಿಸಿ ತೋರಿಸಿದ:
ತಿಳಿ ಹರಳೆಣ್ಣೆ ಇರಬೇಕಾದಲ್ಲಿ
ನಿನ್ನೆಯ ಡಿಕಾಕ್ಷನ್. ಕ್ಲಚ್ಚಿನ ಡಬ್ಬಿಯಲ್ಲೂ ಅದೇ.
'ಇದು ಸುಮ್ಮನೆ ಕೂತೇ ನೀರು ಕುಡಿಯುತ್ತೆ, ಸಾರ್,
ಗಾಳಿಯಲ್ಲಿರೋ ನೀರು.
ಘಾಟಿಯಲ್ಲಿ ಕಾದಾಗ ಕುದಿಯುತ್ತೆ.
ಆವಿಯನ್ನ ಅಮುಕಿ ಯಾವ ಚಕ್ರ ನಿಲ್ಲಿಸ್ತೀರ?'

ದೂರದ ಚಕ್ರ ಮೊದಲು. ಹಿಂದಿನದು, ಎಡಗಡೆ.
ಎದುರು ನಿಂತಾಗ ಸಾರ್ ಅನ್ನುವವನು
ಗಾಡಿಯ ಕೆಳಗೆ ಹೋದರೆ ಏಕವಚನ.
'ಅಮುಕ್ಕು.'
ಮೂರು ಸಲ ಅಮುಕಿದೆ.
'ಪಿಡಿ.'
ಪುಸ್ತಕದಲ್ಲಿ ಹಿಡಿ. ನಮ್ಮ ತಾಳವಾಡಿ ಬಾಯಲ್ಲಿ
ಹಕಾರವೂ ಉದುರಿ ಇಡಿ.
ಮೂರಕ್ಕೂ ಕಾಲು ಒಂದೇ.
'ಇಡ್ದಿವ್ನಿ' ಅಂದೆ.
ಕೆಳಗೆ ಸ್ಪ್ಯಾನರು ಕಾಲು ಸುತ್ತು ತಿರುಗಿತು.
ಪಾದದಡಿ ಏನೋ ಮೆಲ್ಲಗೆ ಸೋತು ಇಳಿಯಿತು;
ಕೊಳವೆಯಲ್ಲಿ ಗುಳ್ಳೆ, ಕಂದು, ಗುಳ್ಳೆ, ಗುಳ್ಳೆ, ಕಂದು.
'ನಾನ್ ಸೊಲ್ಲೋವರೆಗೂ ಕಾಲು ಎತ್ತಬೇಡ,
ಗಾಳಿ ಎಳೆದುಕೊಳ್ಳುತ್ತೆ.'
ನಿಪ್ಪಲ್ಲು ಬಿಗಿದ ಮೇಲೆ: 'ವಿಡು.'
ಬುಟ್ಟೆ.

ಹೀಗೇ ನಾಲ್ಕು ಚಕ್ರ, ಆಮೇಲೆ ಕ್ಲಚ್ಚು.
ನಡುವೆ ಒಂದು ತೊಟ್ಟು ಮಡ್‌ಗಾರ್ಡಿಗೆ ಬಿದ್ದು
ಮಗಳ ಹೆಸರಿನ ಬಣ್ಣ ಎಬ್ಬಿಸಿತು.
ಓಡಿ ನೀರು ತಂದು ಸುರಿಯುವಷ್ಟರಲ್ಲಿ
ಮೊದಲ ಕೊಂಬು ಕರಗಿ
ಸುಗುಣ ಸಗುಣ ಆಗಿದ್ದಳು.

ಉಳಿದ ಎಣ್ಣೆ ಕೊಡು, ದುಡ್ಡು ಕೊಟ್ಟಿದ್ದೇನೆ ಅಂದರೆ ಕೊಡಲಿಲ್ಲ.
'ಒಡೆದ ಬಾಟಲಿ ಇಟ್ಟುಕೊಂಡರೆ
ಅದೂ ಕುಡಿದು ಕೂತಿರುತ್ತೆ, ಸಾರ್.
ಎರಡು ವರ್ಷಕ್ಕೆ ಬನ್ನಿ, ಮದುವೆ ಇರಲಿ, ಇಲ್ಲದಿರಲಿ.'

ಬೆಳಗ್ಗೆ ಮತ್ತೆ ಕೋಸು, ಮತ್ತೆ ದಿಂಬಂ.
ಪೆಡಲ್ಲು ಮೇಲೇ, ಕಲ್ಲಿನಂತೆ, ಕಾಲಿಗೆ ಎದುರು ಮಾತಾಡುತ್ತಿತ್ತು.
ಹತ್ತೊಂಬತ್ತರಲ್ಲಿ ಒತ್ತಿದೆ.
ಪಕ್ಕದಲ್ಲಿ ಕೂತ ಮೂಟೆ ಹೊರುವ ಹುಡುಗ ಬೇಡ
ತೂಕಡಿಕೆಯಿಂದ ಎದ್ದು ಕೇಳಿದ:
'ಯಾರ್ಗಣ್ಣ ಹೇಳ್ತಿರದು, ಇಡ್ದಿವ್ನಿ ಅಂತ?'