ಬರೆಯ ಮೇಲೆ ಬಳೆ

ಅಲ್ಜಿಯರ್ಸಿನ ಬಂದರಿಗೆ ಬೆನ್ನು ಮಾಡಿದ ಕೋಣೆ,
ಬಾಡಿಗೆ ಅವನದು, ಬಿಸಿಲು ನಮ್ಮದು.
ಪ್ಯಾರಿಸಿನಿಂದ ಪೆಟ್ಟಿಗೆಯಲ್ಲಿ ಹೊತ್ತು ತಂದಿದ್ದಾನೆ
ನನ್ನ ದೇಶದ ಉಡುಪು.
ಬೆಟ್ಟದ ಕಬೀಲರ ಹೆಣ್ಣು ನಾನು, ಇಂಥದ್ದು ಕಂಡವಳಲ್ಲ.
ತೊಟ್ಟೆ. ಕಂಕುಳಲ್ಲಿ ಬಿಗಿ,
ಯಾವಳೋ ನಾಟಕದವಳ ಬೆವರಿನ ವಾಸನೆ.

'ಫಾತ್ಮಾ, ಒರಗು' ಅಂದ ಮೊಸ್ಯೂ ವಿರಿಯೋ.
ನನ್ನ ಹೆಸರು ವರ್ದಿಯಾ.
ನೆಲ ಒರೆಸುವವಳೂ ಫಾತ್ಮಾ, ಮೀನು ಮಾರುವವಳೂ ಫಾತ್ಮಾ,
ಇವರ ಬಾಯಿಗೆ ಊರಿಗೆಲ್ಲ ಒಬ್ಬಳೇ ಹೆಣ್ಣು.
ಒರಗಿದೆ.

ಹುಕ್ಕಾದ ನಳಿಗೆ ಕೈಗಿತ್ತ; ಕೆಮ್ಮಿದೆ.
ಸೇದಬೇಡ, ಹಿಡಿದಿರು ಸಾಕು, ಅಂದ.
ಗಿಳಿಯೊಂದು ಬೇಕಿತ್ತಂತೆ, ಸಿಗಲಿಲ್ಲವಂತೆ.

ನಸುಕಿನಿಂದ ಪಾಳೆಯದ ಅಂಗಿ ನಲವತ್ತು
ಒಗೆದು ಹಿಂಡಿ ಹರವಿ ಬಂದವಳು.
ದಿಂಬು ಸಿಕ್ಕಿದ್ದೇ ರೆಪ್ಪೆ ತಾನಾಗಿ ಇಳಿಯಿತು.
'ಅದೇ! ಅದೇ! ಹಾಗೇ ಇರು!'
ಇದ್ದಿಲು ಸರಸರ ಹರಿಯಿತು.
ನನ್ನ ಆಯಾಸವನ್ನು ಅವನು
ಆಲಸ್ಯವೆಂದು ಬರೆದುಕೊಂಡ.

ನನ್ನ ಗಂಡನ ಬೆನ್ನಿಗೂ ಅದೇ ಬಣ್ಣ,
ಹಡಗಿನ ಹೊಟ್ಟೆಗೆ ಕಲ್ಲಿದ್ದಲ ಬುಟ್ಟಿ ಹೊತ್ತು ಹೊತ್ತು.
ಸಂಜೆ ಸಾಬೂನು ಅವನಿಗೂ ಬೇಕು, ಇವನಿಗೂ ಬೇಕು;
ತಿಕ್ಕಿದರೆ ಹೋಗುವುದು ಇವನದು ಮಾತ್ರ.

ಮುಂಗೈ ಮೇಲೊಂದು ಬರೆ ನನಗೆ,
ಯಾವನೋ ಕ್ಯಾಪ್ಟನ್ನನ ಕಾಲರಿಗೆ ಹೊರಟ ಇಸ್ತ್ರಿ ಎಳೆದದ್ದು.
ಮೊದಲು ಅದನ್ನೂ ಬರೆದ.
ಒಳ್ಳೆಯ ಕಣ್ಣು ಅವನದು, ಸುಳ್ಳಾಡಬಾರದು.
ಆಮೇಲೆ ದೂರ ಸರಿದು, ತಲೆ ವಾರೆ ಮಾಡಿ,
ಪಕ್ಕದ ಬಿಳಿ ಬ್ರೆಡ್ಡಿನ ತಿರುಳು ಕಿತ್ತು
ಉಂಡೆ ಮಾಡಿ ಉಜ್ಜಿದ.
ಬ್ರೆಡ್ಡು!
ಬಂದಾಗಿನಿಂದ ನನ್ನ ಕಣ್ಣು ಅದರ ಮೇಲೇ ಇತ್ತು.
ತಿನ್ನಲು ತಂದದ್ದಲ್ಲ, ಅಳಿಸಲು.
ಬರೆ ಹೋಯಿತು.
ಬರೆಯ ಮೇಲೆ ಬಳೆ ಬರೆದ.

ಎರಡು ಫ್ರಾಂಕ್ ಎಣಿಸುತ್ತ ಹಾಳೆ ತಿರುಗಿಸಿ ತೋರಿಸಿದ.
ಚೆಂದವಿದ್ದಳು ಅವಳು.
ಬೀದಿಯಲ್ಲಿ ಎದುರಾದರೆ ಸರಿದು ದಾರಿ ಬಿಡುತ್ತಿದ್ದೆ.
ಕಾಲಿನ ಹೆಬ್ಬೆರಳು ಮಾತ್ರ ನನ್ನದೇ,
ಅಗಲ, ಒಡೆದ ಉಗುರು;
ಬ್ರೆಡ್ಡು ಇನ್ನೂ ಅಲ್ಲಿಯತನಕ ಬಂದಿರಲಿಲ್ಲ.

ಹೊರಡುವಾಗ ನೆಲದ ಮೇಲಿನ ಕಪ್ಪು ಉಂಡೆಗಳನ್ನು
ಮುಸುಕಿನ ಅಂಚಿಗೆ ಬಳಿದುಕೊಂಡೆ.
ಅವನು ನಕ್ಕ. ಇದನ್ನೂ ಬರೆಯಬೇಕೆನಿಸಿತೇನೋ,
ಬೆಳಕು ಹೋಗಿತ್ತು.

ಮನೆಯ ಕೋಳಿ ಕತ್ತು ಕೊಂಕಿಸಿ ನೋಡಿತು,
ಒಂದೊಂದಾಗಿ ಕುಕ್ಕಿ ನುಂಗಿತು ನನ್ನ ಬರೆಯನ್ನು.
ದೀಪಕ್ಕೆ ಮುಂಗೈ ಹಿಡಿದು ನೋಡಿಕೊಂಡೆ.
ಇದೆ.
ನಾಳೆ ಮತ್ತೆ ನಲವತ್ತು ಅಂಗಿ.