ನಡುಬೆರಳು

ಪ್ಲಾಸ್ಟಿಕ್ಕಿನ ಒಂಬತ್ತು ಗೂಟ, ಹಲಗೆಯಲ್ಲಿ ಒಂಬತ್ತು ತೂತು.
ಒಂದೊಂದೇ ಎತ್ತಿ ಒಂದೊಂದರಲ್ಲಿ ನಿಲ್ಲಿಸಬೇಕು.
ಚೊಯ್ಜಿಲ್ ಹಲಗೆ ನೋಡಿದ, ನನ್ನ ಮುಖ ನೋಡಿದ,
ಕಿಟಕಿಯಾಚೆ ಉಲಾನ್‌ಬಾತರಿನ ಕಲ್ಲಿದ್ದಲ ಹೊಗೆ ನೋಡಿದ.
"ಹದಿನೆಂಟು ಗಾಲಿಯ ಲಾರಿ ಓಡಿಸಿದವನು ನಾನು, ಮಗಳೇ.
ಇದನ್ನು ನಿನ್ನ ಮಕ್ಕಳಿಗೆ ಕೊಡು."

ನನಗೆ ಮಕ್ಕಳಿಲ್ಲ.
ಫಾರಮ್ಮಿನಲ್ಲಿ ಬರೆದೆ: ಸಹಕರಿಸುತ್ತಿಲ್ಲ.

ದರ್ಖಾನ್ ರಸ್ತೆಯ ಹಿಮಗಡ್ಡೆಯ ಮೇಲೆ ಲಾರಿ ಮಗುಚಿ
ಕತ್ತಿನೊಳಗಿನ ಹುರಿ ಜಜ್ಜಿತ್ತು.
ಕಾಲು ಪೂರಾ ಹೋದವು. ಕೈ ಅರೆಬರೆ ಉಳಿದವು:
ಮಣಿಕಟ್ಟು ಏಳುತ್ತದೆ,
ಬೆರಳು ಮಾತ್ರ ಮುನಿದ ನೆಂಟರ ಹಾಗೆ
ಕರೆದರೂ ಬರುವುದಿಲ್ಲ.
ನಾನು ಬರೆದ ಗುರಿಗಳಲ್ಲಿ ಮೊದಲನೆಯದು
ದೇಲ್ ನಿಲುವಂಗಿಯ ಗುಂಡಿ ತಾನೇ ಹಾಕಿಕೊಳ್ಳುವುದು.
ಬಲಹೆಗಲ ಮೇಲೆ ಕೂರುವ, ಬಟ್ಟೆ ಹೊಸೆದು ಮಾಡಿದ ಗಂಟು;
ಗಟ್ಟಿ ಕೈಯವರಿಗೂ ಚಳಿಗಾಲದಲ್ಲಿ ತಕರಾರು ಮಾಡುತ್ತದೆ.

ಮೂರನೇ ಮಂಚದ ದಗ್ವದೋರ್ಜ್,
ಹಿಮ ಕಚ್ಚಿ ಎರಡೂ ಪಾದ ಹೋದವನು,
ಒಂದು ಸಂಜೆ ದಿಂಬಿನಡಿಯಿಂದ ಚೀಲ ಎಳೆದ.
ಕುರಿಯ ಹರಡಿನ ಮೂಳೆಗಳು ಹೊದಿಕೆಯ ಮೇಲೆ ಉರುಳಿದವು.
ಈ ಮಗ್ಗುಲಾದರೆ ಕುದುರೆ, ಆ ಮಗ್ಗುಲಾದರೆ ಒಂಟೆ,
ಬೆನ್ನಾದರೆ ಕುರಿ, ಹೊಟ್ಟೆಯಾದರೆ ಆಡು.
ವಾರ್ಡಿನೊಳಗೆ ಇಡೀ ಹಿಂಡು ಬಂದು ನಿಂತಿತು.

ಆಟ ಇಷ್ಟೆ: ಮರದ ಪಟ್ಟಿಯ ಮೇಲೆ ಕೊಂಬಿನ ಬಿಲ್ಲೆ ಇಟ್ಟು
ನಡುಬೆರಳಿಂದ ಚಿಮ್ಮಿ
ಒಂಬತ್ತು ಮೊಳ ದೂರದ ಮೂಳೆ ಕೆಡವಬೇಕು.
ಹೊಡೆಯುವವನಿಗಾಗಿ ಜೊತೆಗಾರರು ಗುನುಗುತ್ತಾರೆ,
ಮೂಳೆಯನ್ನೇ ಹೆಸರು ಹಿಡಿದು ಕರೆದಂತೆ.

ಗುನುಗು ಶುರುವಾಯಿತು.
ಚೊಯ್ಜಿಲನ ತೊಡೆಯ ಮೇಲೆ, ಯಾರೂ ಹೇಳದೆ,
ನಡುಬೆರಳು ಹೆಬ್ಬೆರಳ ಹಿಂದೆ
ಅರ್ಧ ಬಾಗಿತು.
ಅವನು ನೋಡಲಿಲ್ಲ. ನಾನು ನೋಡಿದೆ.

ಮಾರನೆಯ ದಿನ ಗೂಟದ ಹಲಗೆ ಬೀರುವಿಗೆ ಹೋಯಿತು.
ಮಣಿಕಟ್ಟಿಗೆ ತೊಗಲಿನ ಪಟ್ಟಿ ಹೊಲಿದೆ, ಎರಡು ಸಲ ಬಿಚ್ಚಿ ಹೊಲಿದೆ.
"ಆಸ್ಪತ್ರೆಯಲ್ಲಿ ಜೂಜೇ?" ಎಂದರು ದೊಡ್ಡ ಡಾಕ್ಟರು.
ಚಿಕಿತ್ಸೆ ಎಂದೆ.
ಚೊಯ್ಜಿಲನಿಗೆ ಮಾತ್ರ ಹಾಗೆ ಹೇಳಲಿಲ್ಲ.

ಡಿಸೆಂಬರ್ ಪೂರ್ತಿ ಬಿಲ್ಲೆ ಪಟ್ಟಿಯಿಂದ ಜಾರಿ
ಹೀಟರಿನ ಕೊಳವೆಗೆ ಬಡಿಯುತ್ತಿತ್ತು, ಟಣ್.
ನಾನು ಮಂಡಿಯೂರಿ ಮಂಚದಡಿ ತಡಕುತ್ತಿದ್ದೆ.
ಜನವರಿಯಲ್ಲಿ ಐದು ಮೊಳ.
ಬೈಗುಳ ಏಳು ಮೊಳ.
ಗುಂಡಿ?
ಗುಂಡಿಯ ಮಾತೆತ್ತಿದರೆ ಅವನಿಗೆ ನಿದ್ದೆ ಬರುತ್ತಿತ್ತು.

ಅವನ ಹೆಂಡತಿ ಹಾಂದ್ ನನ್ನನ್ನು ಕಾರಿಡಾರಿಗೆ ಕರೆದಳು:
"ಗುಂಡಿ ಬಿಡು, ತಾಯಿ. ಅದನ್ನು ನಾನು ಹಾಕುತ್ತೇನೆ.
ಮೂವತ್ತು ವರ್ಷ ರಸ್ತೆಯಲ್ಲಿದ್ದ.
ಈಗ ಬೆಳಿಗ್ಗೆ ಅಷ್ಟು ಹೊತ್ತಾದರೂ
ಮುಖ ನನ್ನ ಮುಖದ ಹತ್ತಿರ ಇರುತ್ತದೆ, ಬೈಯಬಹುದು."
ಫಾರಮ್ಮಿನಲ್ಲಿ ಇದಕ್ಕೆ ಕಾಲಂ ಇರಲಿಲ್ಲ.
ಮೊದಲನೆಯ ಗುರಿಯ ಮೇಲೆ ಗೀಟು ಎಳೆದೆ.

ಹೊಸವರ್ಷದ ವಾರ ರೈಲ್ವೆ ಆಸ್ಪತ್ರೆಯ ತಂಡ ಬಂತು,
ಆರು ಗಾಲಿಕುರ್ಚಿ, ಒಂದು ಊರುಗೋಲು.
ಊರುಗೋಲಿನ ಮುದುಕ ಶಾರವ್ ಗುರಿಗೆ ಹೆಸರಾದವನು.
ಕೊನೆಗೆ ಉಳಿದದ್ದು ಒಂದೇ ಮೂಳೆ, ಸರದಿ ಚೊಯ್ಜಿಲನದು.
ಕೋಣೆಯೆಲ್ಲ ಗುನುಗಿತು. ಅಡುಗೆಯವಳೂ ಗುನುಗಿದಳು.
ಬೆರಳು ಬಾಗಿತು, ಬಿಗಿಯಿತು, ಚಿಮ್ಮಿತು.
ಬಿಲ್ಲೆ ಒಂಬತ್ತು ಮೊಳವನ್ನೂ ದಾಟಿತು.
ಮೂಳೆಯ ಪಕ್ಕದಿಂದ,
ಕೂದಲೆಳೆಯಷ್ಟು ಪಕ್ಕದಿಂದ.

ಸೋತೆವು. ಚೊಯ್ಜಿಲ್ ಗೋಡೆಗೆ ಕೇಳುವಂತೆ ಬೈದ.

ಆಗ ಶಾರವ್ ಕುಂಟುತ್ತ ಬಂದು, ಎದೆಯ ಮಡಿಕೆಯಿಂದ
ನಶ್ಯದ ಸೀಸೆ ತೆಗೆದು ಚಾಚಿದ, ಸರೀಕನಿಗೆ ಚಾಚುವ ಹಾಗೆ.
ನಾನು ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟೆ.
ಹಾಂದ್ ನನ್ನ ತೋಳು ಹಿಡಿದಳು.

ಬಲಗೈ ಎದ್ದಿತು. ಅಂಗೈಯಲ್ಲಿ ಕಲ್ಲಿನ ಸೀಸೆ ಕೂತಿತು.
ಹವಳದ ಮುಚ್ಚಳಕ್ಕೆ ಹೆಬ್ಬೆರಳು ಒರಗಿತು,
ಆಚೆಯಿಂದ ನಡುಬೆರಳು ಬಂತು.
ಒಂದು ಸಲ ಜಾರಿತು. ಇನ್ನೊಂದು ಸಲ ಜಾರಿತು.
ಯಾರೂ ಗುನುಗಲಿಲ್ಲ.

ಮುಚ್ಚಳ ಎದ್ದಿತು.
ಅವನು ಮೂಸಿದ, ಸೀನಿದ, ಸೀಸೆ ಮರಳಿಸಿದ.
"ನಿನ್ನ ನಶ್ಯ ಹಳಸಿದೆ, ಮುದುಕ," ಎಂದ.
"ನಾಳೆ ಮತ್ತೆ ಬಾ."
ಕುತ್ತಿಗೆಯ ಬಳಿ ಅವನ ಗುಂಡಿ ಬಿಚ್ಚಿಕೊಂಡೇ ಇತ್ತು.