ಉಪ್ಪಿನ ಚೀಲ

ಮೈಸೂರಿನಿಂದ ಲಾರಿಯಲ್ಲಿ ಬಂದಾಗ
ಅವಳ ಜೊತೆಗೊಂದು ಕಾಗದವಿತ್ತು:
ಓಡಿದ ಪಂದ್ಯ ಮೂವತ್ತೊಂದು, ಗೆದ್ದದ್ದು ಎರಡು,
ಬಲ ಹಿಂಗಾಲಲ್ಲಿ ಹಳೆಯ ಬಾವು.
ಹೆಸರು, ಮಿಡ್‌ನೈಟ್ ಮೆಡಲ್.
ಕಕ್ಕಬ್ಬೆಯಲ್ಲಿ ಅಷ್ಟುದ್ದ ಕೂಗುವ ಪುರುಸೊತ್ತು ಯಾರಿಗೆ?
ಹಣೆಯ ಬಿಳಿ ಬೊಟ್ಟು ನೋಡಿ ಬೊಳ್ಳಿ ಎಂದೆವು.
ಒಂದು ವಾರ ಕೇಳಿಸಿಕೊಳ್ಳಲೇ ಇಲ್ಲ.
ಎಂಟನೆಯ ದಿನ ಕಿವಿ ಮಾತ್ರ ತಿರುಗಿಸಿದಳು.

ನಾಲಕ್ನಾಡು ಅರಮನೆಯವರೆಗೆ ಡಾಂಬರು,
ಆಮೇಲೆ ಕಲ್ಲು, ಆಮೇಲೆ ಬೇರು,
ಆಮೇಲೆ ತಮ್ಮಯ್ಯ ದಾರಿ ಎಂದದ್ದೇ ದಾರಿ.
ಕುಡಿಯರ ತಮ್ಮಯ್ಯ ಮುಂದೆ, ಬರಿಗಾಲು, ಹೆಗಲಲ್ಲಿ ಕತ್ತಿ;
ಹಿಂದೆ ಅಕ್ಕಿ, ಹುರುಳಿ, ಟಾರ್ಪಾಲು ಹೊತ್ತ ತಟ್ಟು,
ಅದರ ಹಗ್ಗ ಹಿಡಿದು ಇಮ್ತಿಯಾಜ್:
ರೇಸಿನ ಲಾಯದಲ್ಲಿ ಹದಿನಾರು ವರ್ಷ ಕುದುರೆಯ ಮೈ ಉಜ್ಜಿದವನು,
ಬೆಟ್ಟವೆಂದರೆ ಚಾಮುಂಡಿಯೊಂದೇ ಎಂದು ನಂಬಿದ್ದವನು.
ನಡುವೆ ನಾನು, ಬೊಳ್ಳಿಯ ಮೇಲೆ.
ಜೀನಿಗೆ ಕಟ್ಟಿದ ಪುಟ್ಟ ಉಪ್ಪಿನ ಚೀಲ, ಜಿಗಣೆಗೆಂದು.

ನಾಲ್ಕು ದಿನದ ಹಾದಿ. ನೆತ್ತಿ ಹತ್ತಿ, ಆಚೆ ಇಳಿದು,
ತಮ್ಮಯ್ಯನ ತಂಗಿಯ ಮನೆ ಮುಟ್ಟಿ ಮರಳುವುದು.
ಯಾಕೆ, ಎಂದಳು ಅಮ್ಮ.
ಜೀಪು ಹೋಗದ ಜಾಗ, ಎಂದೆ.
ಅದು ಉತ್ತರವಲ್ಲ ಎನ್ನುತ್ತಲೇ ಒಟ್ಟಿ ಕಟ್ಟಿಕೊಟ್ಟಳು.

ಬೊಳ್ಳಿಗೆ ಗೊತ್ತಿದ್ದ ತಿರುವು ಒಂದೇ, ಬಲಕ್ಕೆ.
ಎಡಕ್ಕೆ ದಾರಿ ಹೊರಳಿದಲ್ಲೆಲ್ಲ
ಮಗ್ಗಿ ಮರೆತ ಮಗುವಿನಂತೆ ನಿಲ್ಲುವಳು.
ಇಮ್ತಿಯಾಜ್ ಹಿಂದಿನಿಂದ ಬಂದು, ಉರ್ದುವಿನಲ್ಲಿ ಏನೋ ಹೇಳಿ,
ಮೂತಿ ಹಿಡಿದು ತಿರುಗಿಸಬೇಕು.
ತೊರೆಯ ಹತ್ತಿರ ನಾನೇ ಜಾಣೆಯೆಂದು
ಹಿಮ್ಮಡಿ ಒತ್ತಿದೆ.
ಕಣ್ಣುಮುಚ್ಚಿ ತೆರೆದರೆ ಆಕಾಶ ಕಾಲಡಿಗಿತ್ತು, ಬಾಯಲ್ಲಿ ಮರಳು.
ತಮ್ಮಯ್ಯ ನಗಲಿಲ್ಲ. ಆ ಕಡೆ ತಿರುಗಿ
ಬೈನೆ ಮರವೊಂದನ್ನು ಬಹಳ ಹೊತ್ತು ಪರೀಕ್ಷಿಸಿದ.

ರಾತ್ರಿ ಶೋಲೆಯ ಅಂಚಿನಲ್ಲಿ ಬೆಂಕಿ.
ಜಿಗಣೆ ಕಚ್ಚಿದ್ದನ್ನು ಹದಿನೇಳರವರೆಗೆ ಎಣಿಸಿ ಬಿಟ್ಟೆ.
ಕಾಟಿಯೊಂದು ಎಲ್ಲೋ ದೊಡ್ಡ ಉಸಿರು ಬಿಟ್ಟಿತು;
ತಟ್ಟು ಮಲಗಿತು, ಬೊಳ್ಳಿ ಮಲಗಲಿಲ್ಲ.
ಇಲ್ಲಿ ಕತ್ತಲಿಗೆ ಗೋಡೆಯಿಲ್ಲ, ಅದಕ್ಕೇ, ಎಂದ ಇಮ್ತಿಯಾಜ್.
ಅವನೂ ಮಲಗಲಿಲ್ಲ.

ಮರುದಿನ, ಮರ ಮುಗಿದಲ್ಲಿ ಹುಲ್ಲು, ಹುಲ್ಲು ಮುಗಿದಲ್ಲಿ ಗಾಳಿ.
ಪಡುವಣಕ್ಕೆ ಕೇರಳ ಇದೆಯೆಂದರು. ಮಂಜಿತ್ತು.
ಬೆನ್ನು ಆರಲೆಂದು ಜೀನು ಬಿಚ್ಚಿದೆವು.
ಕಟ್ಟಲು ಒಂದು ಗಿಡವಿಲ್ಲ; ಹಗ್ಗ ನಾನು ಹಿಡಿದಿದ್ದೆ,
ಸರಿಯಾಗಿ ಹಿಡಿದಿರಲಿಲ್ಲ.

ಹೋದಳು.

ಬೊಳ್ಳೀ ಎಂದು ಕೂಗಿದ್ದನ್ನು ಗಾಳಿ ಅರ್ಧಕ್ಕೇ ತಿಂದಿತು.
ಇಮ್ತಿಯಾಜ್ ಓಡಲಿಲ್ಲ, ಕೈ ಅಡ್ಡ ಹಿಡಿದು ನನ್ನನ್ನೂ ತಡೆದ.
ಪ್ರಪಾತಕ್ಕೆ ಹತ್ತು ಮಾರು ಇರುವಾಗ
ಬಲಕ್ಕೆ ತಿರುಗಿದಳು.
ಮತ್ತೆ ಬಲಕ್ಕೆ. ಕಾಣದ ಬೇಲಿಗೆ ಮೈ ತಾಗಿಸಿಕೊಂಡು,
ಹಿಂಗಾಲಿನ ಬಾವನ್ನು ಎಲ್ಲೋ ಹಿಂದೆ ಬಿಟ್ಟು,
ಮಂಜಿನೊಳಗೆ ಹೊಕ್ಕು, ಮಂಜಿನಿಂದ ಹೊರಬಿದ್ದು,
ಇಡೀ ನೆತ್ತಿಯನ್ನು ಒಂದು ಸುತ್ತು.
ಕೊನೆಯ ಇಳಿಜಾರಿನಲ್ಲಿ ಕತ್ತು ಚಾಚಿದಳು,
ಯಾರನ್ನು ಹಿಂದಿಕ್ಕಿದಳೋ.

ಹೊರಟಲ್ಲೇ ಬಂದು ನಿಂತಳು, ಪಕ್ಕೆ ತಿದಿಯಂತೆ.
ತಲೆಯೆತ್ತಿ ಅತ್ತಿತ್ತ ನೋಡಿದಳು, ಕೊಂಚ ಮೇಲಕ್ಕೆ,
ಸಾಲುಸಾಲಾಗಿ ಜನ ಕೂತಿರಬೇಕಾದಲ್ಲಿ.
ಏನು ಹುಡುಕುತ್ತಿದೆ ಅದು, ತಮ್ಮಯ್ಯ ಕೇಳಿದ.
ಇಮ್ತಿಯಾಜ್ ಬೀಡಿ ಬಿಸಾಡಿ ಚಪ್ಪಾಳೆ ತಟ್ಟಿದ.
ಅಷ್ಟು ಬಯಲಲ್ಲಿ ಒಬ್ಬನ ಚಪ್ಪಾಳೆ
ಒಣಕಡ್ಡಿ ಮುರಿದಷ್ಟೇ.
ತಮ್ಮಯ್ಯ ಕತ್ತಿ ಕೆಳಗಿಟ್ಟು ತಾನೂ ತಟ್ಟಿದ, ಯಾಕೆಂದು ತಿಳಿಯದೆ.
ನನ್ನ ಅಂಗೈಯಲ್ಲಿ ಹಗ್ಗ ಉಜ್ಜಿದ ಉರಿ.

ಅವಳು ಮೂವರನ್ನೂ ದಾಟಿ
ನೆಲದ ಮೇಲಿದ್ದ ಜೀನಿನ ಬಳಿ ನಡೆದು,
ಉಪ್ಪಿನ ಚೀಲವನ್ನು ಹಲ್ಲಿನಿಂದ ಹರಿದು
ನೆಕ್ಕತೊಡಗಿದಳು.

ಆಮೇಲಿನ ಎರಡು ದಿನ ಜಿಗಣೆಗೆ ನಾವೇ ಊಟ.
ಇಳಿಯುವಾಗ ಮೊದಲ ತಿರುವು ಎಡಕ್ಕಿತ್ತು.
ಲಗಾಮು ಸಡಿಲ ಬಿಟ್ಟು, ಕಾದೆ.